ಚೀಟಿಯಲ್ಲಿದ್ದ ಕಾರಣ

"ತುರ್ತು ಗರ್ಭನಿರೋಧಕ ಮಾತ್ರೆ ಒಂದು ಕೊಡಿ."

ಔಷಧದಂಗಡಿಯಲ್ಲಿ ಈ ಮಾತು ಏಕಕಾಲಕ್ಕೆ ಎರಡು ಬಾಯಿಂದ ಬಂತು. ಕೌಂಟರಿನ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು. ಹಿಂದಿನ ದಿನ ಕಾಂಡೋಮ್ ಹರಿದಿತ್ತು. ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಬಂದಿದ್ದರು.

ಅಂಗಡಿಯಾಕೆ ಕನ್ನಡಕದ ಮೇಲಿಂದ ನೋಡಿದಳು. "ಇಬ್ರಿಗೂ ಸೇರಿ ಒಂದು ಸಾಕಲ್ವಾ?"

ಅವಳಿಗೆ ನಗು ಬಂತು. ಅವನ ಕಿವಿ ಕೆಂಪಾಯಿತು.

"ವಾಕರಿಕೆ, ತಲೆನೋವು, ಸುಸ್ತು ಆಗಬಹುದು. ಮೂರು ಗಂಟೆಯೊಳಗೆ ವಾಂತಿಯಾದ್ರೆ ಮತ್ತೆ ಬಂದು ಕೇಳಿ. ಮುಟ್ಟು ಕೆಲವು ದಿನ ಹಿಂದೆಮುಂದೆ ಆಗಬಹುದು, ಗಾಬರಿ ಬೇಡ. ಒಂದು ವಾರ ತಡವಾದ್ರೆ ಪರೀಕ್ಷೆ ಮಾಡ್ಕೊಳಿ."

ಅವಳು ದರ್ಜಿ, ಅವನು ಗಡಿಯಾರ ರಿಪೇರಿಯವನು. ಅಕ್ಕಪಕ್ಕದ ಅಂಗಡಿ, ನಡುವೆ ಸದ್ದು ದಾಟುವ ಒಂದೇ ತೆಳು ಗೋಡೆ, ಎರಡು ವರ್ಷದ ಪ್ರೀತಿ.

ಮಾತ್ರೆ ನುಂಗಿ ಐದು ಗಂಟೆಯಾದ ಮೇಲೆ ಅವಳಿಗೆ ವಾಂತಿಯಾಯಿತು. ಮರುದಿನ ಕತ್ತರಿಯ ಸದ್ದೂ ಹಣೆಗೆ ಬಡಿಯುತ್ತಿತ್ತು. ಆಮೇಲೆ ಅವೆಲ್ಲ ಇಳಿದವು, ಮುಟ್ಟಿನ ದಿನ ಮಾತ್ರ ಸುಮ್ಮನೆ ದಾಟಿಹೋಯಿತು.

ದಿನಾ ಬೆಳಿಗ್ಗೆ ಅವನು ಬಾಗಿಲಲ್ಲಿ ಇಣುಕುತ್ತಿದ್ದ. "ಇವತ್ತು?"

ಅಷ್ಟೇ, ಒಂದೇ ಮಾತು. ಅವಳು ತಲೆ ಅಲ್ಲಾಡಿಸಿದರೆ ಹೊರಟುಬಿಡುತ್ತಿದ್ದ.

'ನಾನು ಹೇಗಿದ್ದೀನಿ ಅನ್ನೋದು ಬೇಡ ಇವನಿಗೆ... ತಾನು ಪಾರಾದೆನಾ ಅನ್ನೋದು ಬೇಕು!'

ಐದನೆಯ ದಿನ ಅವಳ ತಾಳ್ಮೆ ಹರಿಯಿತು. "ನಾಳೆಯಿಂದ ಕೇಳ್ಬೇಡ. ಬಂದ್ರೆ ನಾನೇ ಹೇಳ್ತೀನಿ. ಅಲ್ಲಿಗೆ ನಮ್ಮಿಬ್ರದ್ದೂ ಮುಗೀತು ಅಂದ್ಕೋ."

ಅವನು ತಲೆ ತಗ್ಗಿಸಿ ತನ್ನ ಅಂಗಡಿಗೆ ಹೋದ. ಪುಣ್ಯಾತ್ಮನಿಗೆ ಬೇಕಾದಾಗ ಮಾತು ಬಂದದ್ದು ಯಾವತ್ತು?

ವಾರ ದಾಟಿತು. ಪರೀಕ್ಷೆಯಲ್ಲಿ ಒಂದೇ ಗೆರೆ, ಗರ್ಭ ನಿಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಟ್ಟೂ ಬಂತು. ಅವಳು ಬಟ್ಟೆಯ ರಾಶಿಗೆ ಮುಖ ಒತ್ತಿ ಮನಸಾರೆ ಅತ್ತಳು. ನಂತರ ಕೊನೆಯ ಮಾತು ಹೇಳಿಬರಲು ಎದ್ದಳು.

ಅವನ ಅಂಗಡಿ ತೆರೆದಿತ್ತು, ಅವನಿರಲಿಲ್ಲ. ಗೋಡೆಯ ಮೊಳೆಗಳಲ್ಲಿ ರಿಪೇರಿಯಾದ ಗಡಿಯಾರಗಳು. ಹತ್ತು ದಿನ ಓಡಿಸಿ ನೋಡದೆ ಅವನು ಯಾವುದನ್ನೂ ವಾಪಸು ಕೊಡುತ್ತಿರಲಿಲ್ಲ. ಪ್ರತಿಯೊಂದಕ್ಕೂ ಒಂದು ಚೀಟಿ, ಅದರಲ್ಲಿ ದಿನಕ್ಕೆಷ್ಟು ಹಿಂದೆಮುಂದೆ ಓಡಿತೆಂಬ ಲೆಕ್ಕ. ಅವಳ ಕಡೆಯ ಗೋಡೆಯ ಮೊಳೆಯಲ್ಲಿ ಮಾತ್ರ ಗಡಿಯಾರವಿಲ್ಲ, ಬರೀ ಚೀಟಿ.

'ವಾಂತಿ, ಐದು ಗಂಟೆಯ ಮೇಲೆ. ತಲೆನೋವು. ಊಟ ಅರ್ಧ. ನಾಲ್ಕು ದಿನ ತಡ. ಐದು ದಿನ. ಕೇಳಬಾರದು ಅಂದಿದ್ದಾಳೆ. ಮಧ್ಯಾಹ್ನದವರೆಗೆ ಮೆಷಿನ್ ಸದ್ದಿಲ್ಲ.'

ಅವಳಿಗೆ ಮೈಯೆಲ್ಲ ಉರಿಯಿತು. ನಾನೇನು ಕೆಟ್ಟ ಗಡಿಯಾರವಾ?

ಆಗ ಚೀಟಿಯ ಮೇಲ್ಭಾಗ ಕಂಡಿತು. ಗಡಿಯಾರ ಕೆಟ್ಟದ್ದೇಕೆಂದು ಬರೆಯಲು 'ಕಾರಣ' ಎಂದು ಅಚ್ಚಾಗಿದ್ದ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ನಾನು'.

ಬಾಗಿಲಲ್ಲಿ ಅವನು ನಿಂತಿದ್ದ.

"ಇದೇನಿದು?" ಅಂದಳು.

"ಡಾಕ್ಟರ್ ಹತ್ರ ಹೋಗ್ಬೇಕಾದ್ರೆ ಎಲ್ಲ ಸರಿಯಾಗಿ ಹೇಳೋಣ ಅಂತ... ಮಾತ್ರೆ ನುಂಗಿದ್ದು ನೀನು, ನೋವು ನಿಂದು. ನನ್ನ ಕೈಲಿ ಇದೊಂದೇ ಆಗ್ತಿದ್ದಿದ್ದು."

"ಹೇಗಿದೀಯ ಅಂತ ಕೇಳಬಹುದಿತ್ತು."

ಅವನು ಒಳಗೆ ಬಂದು ಅವಳೆದುರು ನಿಂತ. "ಹೇಗಿದೀಯ?"

"ಬಂತು. ಹೊಟ್ಟೆ ಹಿಂಡ್ತಿದೆ."

ಅವನು ಉಸ್ಸೆನ್ನಲಿಲ್ಲ. ತನ್ನ ಸ್ಟೂಲು ಎಳೆದು ಅವಳನ್ನು ಕೂರಿಸಿದ. "ಮುಗೀತಾ... ನಮ್ಮಿಬ್ರದ್ದು?"

ಅವಳು ಅವನ ಕಿವಿಯ ಹಿಂದಿನ ಪೆನ್ಸಿಲು ತೆಗೆದು, 'ನಾನು' ಹೊಡೆದುಹಾಕಿ, ಪಕ್ಕದಲ್ಲಿ 'ನಾವು' ಎಂದು ಬರೆದಳು. ಅದನ್ನು ಓದಿ ಅವನ ಕಣ್ಣು ತುಂಬಿತು.

"ಬಿಸಿನೀರು ತರ್ಲಾ?"

"ತಾ. ಆಮೇಲೆ ಪಕ್ಕದಲ್ಲಿ ಕೂತ್ಕೋ. ಬರ್ಕೊಳ್ದೆ."