ಮಗುವಿನ ಮೇಲಿನ ಆಣೆ

"ಮಗು ತಲೆ ಮೇಲೆ ಕೈ ಇಡು. ಅಮ್ಮನಿಗೆ ಹೇಳಲ್ಲ ಅಂತ ಆಣೆ ಮಾಡು!"

ಗೋಪೀನಾಥ ಹೆಂಡತಿ ಮುನಿಲಕ್ಷ್ಮಿಗೆ ಪಿಸುಗುಟ್ಟಿದ. ನಡುಮನೆಯಲ್ಲಿ ಅತ್ತೆ ಅಂಜನಮ್ಮ ಮಗನ ಸೂಟ್‌ಕೇಸಿಗೆ ಚಕ್ಕುಲಿ, ಹುಳಿಪುಡಿ ತುಂಬುತ್ತಿದ್ದರು. ಹಿಂದಿನ ದಿನ ಕಣ್ಣಿನ ಡಾಕ್ಟರು ಹೇಳಿದ್ದು ಅವಳ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. "ನಿನ್ನ ಗಂಡನ ಎಡಗಣ್ಣು ಹೋಗಿದೆ ಕಣಮ್ಮ. ಬಲಗಣ್ಣಿಗೂ ಇಂಥದೇ ಏಟು ಬಿದ್ದರೆ ಆಮೇಲೆಲ್ಲಾ ಕತ್ತಲೆ..."

ಮಾರೇನಹಳ್ಳಿಯಲ್ಲಿ ಗೋಪೀನಾಥನೆಂದರೆ ಎಲ್ಲರಿಗೂ ಹೆಮ್ಮೆ. ಕಾಲೇಜಿನಲ್ಲಿ ಹ್ಯಾಂಡ್‌ಬಾಲ್ ಆಡುತ್ತಿದ್ದ ಹುಡುಗ ಈಗ ಪಶ್ಚಿಮ ಜರ್ಮನಿಯ ಒಂದು ಕ್ಲಬ್ಬಿಗೆ ಗೋಲ್‌ಕೀಪರ್! ನಾಲ್ಕು ಮಾರು ದೂರದಿಂದ ಕಲ್ಲು ಬೀಸಿದಂತೆ ಬರುವ ಚೆಂಡಿಗೆ ಎದೆಯೊಡ್ಡಿ ನಿಲ್ಲುವ ಕೆಲಸ. ಕಳೆದ ಸೀಸನ್ನಿನ ಕೊನೆಯ ಪಂದ್ಯದಲ್ಲಿ ಅಂಥದೊಂದು ಚೆಂಡು ಕಣ್ಣಿಗೆ ಬಡಿದಿತ್ತು. ವಾಸಿಯಾಯಿತೆಂದು ಕ್ಲಬ್ಬಿಗೂ ಮನೆಗೂ ಸುಳ್ಳು ಹೇಳಿ, ರಜೆಗೆಂದು ಊರಿಗೆ ಬಂದಿದ್ದ.

"ಬೇಡ ರೀ... ಹೋಗಬೇಡಿ."

"ಇದೊಂದು ಸೀಸನ್ ಕಣೇ. ಗೋಲ್ ಮುಂದೆ ನಿಂತಾಗಷ್ಟೇ ನಾನು ಮನುಷ್ಯ. ಆಣೆ ಮಾಡು!"

ಮಲಗಿದ್ದ ಹಸುಗೂಸಿನ ನೆತ್ತಿಯ ಮೇಲೆ ಅವಳ ಕೈಯನ್ನು ಅವನೇ ಎಳೆದಿಟ್ಟ. ಅಳುತ್ತಲೇ ಆಣೆ ಮಾಡಿದಳು.

ಟ್ಯಾಕ್ಸಿ ಬಂತು. ಅಂಜನಮ್ಮ ಮಗನಿಗೆ ನಿಂಬೆಹಣ್ಣಿನಿಂದ ದೃಷ್ಟಿ ತೆಗೆದರು. ಅವನು ಹೊಸಿಲು ದಾಟಿದ್ದೇ ತಡ, ಮುನಿಲಕ್ಷ್ಮಿಗೆ ಕಣ್ಣೆದುರು ಒಂದು ಚಿತ್ರ ಬಂತು. ಗೊತ್ತಿಲ್ಲದ ಊರಿನಲ್ಲಿ, ಗೋಡೆ ತಡವರಿಸುತ್ತಾ ನಡೆಯುವ ಗಂಡ... ತಡೆಯಲಾಗಲಿಲ್ಲ.

"ಅತ್ತೆಮ್ಮಾ, ಅವರಿಗೆ ಎಡಗಣ್ಣು ಕಾಣಲ್ಲ! ಬಿಡಬೇಡಿ ಅವರನ್ನ!"

"ಮುಚ್ಚೇ ಬಾಯಿ! ಹೊರಡೋ ಹೊತ್ತಲ್ಲಿ ಅಪಶಕುನ ನುಡೀತೀಯಾ? ಲಗ್ಗೆರೆಯ ತವರಿಂದ ಬಂದ ದಿನದಿಂದ ನನ್ನ ಮಗನ ಏಳಿಗೆ ಕಂಡ್ರೆ ನಿಂಗಾಗಲ್ಲ!" ಅಂಜನಮ್ಮ ಗುಡುಗಿದರು. "ನನ್ನ ಮಗನ ಕಣ್ಣು ತಪ್ಪಿಸಿ ಒಂದು ಸೊಳ್ಳೆನೂ ಹೋಗಲ್ಲ, ನೋಡು!" ಎನ್ನುತ್ತಾ ಕೈಲಿದ್ದ ನಿಂಬೆಹಣ್ಣನ್ನು ಮಗನ ಎಡಗಡೆಗೆ ಎಸೆದರು.

ಅವನು ಕದಲಲಿಲ್ಲ. ಕೆನ್ನೆಗೆ ಬಡಿದ ಹಣ್ಣು ಕೆಳಗೆ ಬಿದ್ದು ಚರಂಡಿಗೆ ಉರುಳಿದ ಮೇಲೆ ಅವನ ಕೈ ನಿಧಾನವಾಗಿ ಮೇಲಕ್ಕೆ ಹೋಯಿತು.

ಬೀದಿ ಮಂದಿಯೆಲ್ಲ ನೋಡುತ್ತಾ ನಿಂತಿದ್ದರು. "ಗೋಪೀ..." ಎನ್ನುತ್ತಾ ಅಂಜನಮ್ಮ ಮಗನ ಸೂಟ್‌ಕೇಸನ್ನು ಹಿಡಿದುಕೊಂಡರು.

ಗೋಪೀನಾಥ ಹೆಂಡತಿಯತ್ತ ತಿರುಗಿದ. "ಮಗು ಮೇಲೆ ಆಣೆ ಮಾಡಿದ್ದೆಯಲ್ಲೇ! ತಾಯೇನೇ ನೀನು?" ಎಂದವನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಟ್ಯಾಕ್ಸಿ ಖಾಲಿಯಾಗಿ ಬಂದ ದಾರಿಯಲ್ಲೇ ಹೋಯಿತು.

ಮಧ್ಯಾಹ್ನಕ್ಕೆ ಮಗುವಿನ ಮೈ ಕೆಂಡವಾಯಿತು! ಊರಿನ ಡಾಕ್ಟರು ಬಂದು ಔಷಧಿ ಕೊಟ್ಟುಹೋದರೂ ಜ್ವರ ಇಳಿಯಲಿಲ್ಲ. ಮುನಿಲಕ್ಷ್ಮಿ ಒದ್ದೆಬಟ್ಟೆ ಹಾಕಿದಷ್ಟೂ ಒಣಗುತ್ತಿತ್ತು. ಗಂಡನ ಕಣ್ಣು ಉಳಿಸಲು ಹೋಗಿ ಮಗಳನ್ನು ಬಲಿ ಕೊಟ್ಟೆನೇ... ದೇವರೇ, ನನ್ನ ನಾಲಗೆ ಸೇದಿಹೋಗಬಾರದಿತ್ತೇ!

ಅಂಜನಮ್ಮ ಬಂದು ಪಕ್ಕದಲ್ಲಿ ಕುಳಿತರು. ಬೈಯುತ್ತಾರೆಂದು ಅವಳು ಮುದುಡಿಕೊಂಡಳು.

"ಆಣೆ ಮುರಿದೆ ಅತ್ತೆಮ್ಮ... ಅದಕ್ಕೇ ಹೀಗೆ..."

ಆ ಹಿರಿಜೀವ ಮೊಮ್ಮಗಳ ನೆತ್ತಿಯ ಮೇಲೆ ತಮ್ಮ ಕೈ ಇಟ್ಟಿತು. "ತಾಯೀ ಅಣ್ಣಮ್ಮ ದೇವೀ, ಇವಳ ಕೈಲಿ ಆಣೆ ಮುರಿಸಿದೋಳು ನಾನು. ಆ ಪಾಪ ನಂದು. ಏನು ತಗೊಳ್ಳೋದಿದ್ರೂ ನನ್ನಿಂದ ತಗೋ. ಕೂಸನ್ನ ಮುಟ್ಟಬೇಡ."

"ಅತ್ತೆಮ್ಮಾ! ಸುಳ್ಳು ಹೇಳ್ಬೇಡಿ..."

"ಸುಮ್ನಿರೇ. ಹೆತ್ತೋಳು ನಾನು, ನಂಗೇ ಕಾಣ್ಲಿಲ್ಲ. ನೀನು ಕಂಡೆ." ಅಂಜನಮ್ಮ ಎಂದೂ ಮುಟ್ಟದ ಸೊಸೆಯ ತಲೆಯನ್ನು ಎದೆಗೊತ್ತಿಕೊಂಡು ಬಿಕ್ಕಿದರು.

ದೀಪ ಹಚ್ಚುವ ಹೊತ್ತಿಗೆ ಮಗು ಬೆವರಿ ಹಾಲಿಗೆ ಬಾಯಿ ಹಾಕಿತು. ಆಗ ರೂಮಿನ ಬಾಗಿಲು ತೆರೆಯಿತು.

"ಹೇಗಿದೆ?" ಗೋಪೀನಾಥನ ಮೊದಲ ಮಾತು.

"ಜ್ವರ ಬಿಟ್ಟಿದೆ ರೀ."

ಅವನು ಮಗುವಿನ ಪಕ್ಕ ಕುಳಿತು ಹಣೆ ಮುಟ್ಟಿ ನೋಡಿದ.

"ನಾಳೆ ಪೋಸ್ಟಾಫೀಸಿಂದ ಜರ್ಮನಿಗೆ ಟ್ರಂಕ್ ಕಾಲ್ ಮಾಡ್ಬೇಕು. ಇನ್ಮೇಲೆ ಆಡಲ್ಲ ಅಂತ ಹೇಳ್ಬೇಕು..." ಸಾವಿರಾರು ಜನರೆದುರು ಹಿಂದೆ ಸರಿಯದವನು ಹೆಂಡತಿಯ ಕೈ ಹಿಡಿದುಕೊಂಡ. "ನೀನೂ ಜೊತೆಗೆ ಬಾರೇ. ಒಬ್ಬನೇ ಹೇಳೋಕೆ ಭಯ ಆಗುತ್ತೆ."