ಎಡಕ್ಕೇ ಓಡುವ ಕಾರು

ಕಾರು ಮತ್ತೆ ಎಡಕ್ಕೇ ಹೋಯಿತು.

ಕ್ರಾಂತಿಕುಮಾರ ಬಲಗಡೆಯ ಬಟನ್ನನ್ನು ಬೆರಳು ಬಾಗುವ ಹಾಗೆ ಒತ್ತಿ ಹಿಡಿದಿದ್ದ. ಆದರೂ ಕಂಪ್ಯೂಟರಿನ ಕೆಂಪು ಕಾರು ರಸ್ತೆ ಬಿಟ್ಟು, ಬೇಲಿ ಮುರಿದು, ಹುಲ್ಲು ಹಾರಿಸುತ್ತ ಹೋಗಿ ಕೆರೆಯಲ್ಲಿ ಬಿತ್ತು. ಬೆಳಿಗ್ಗೆಯಿಂದ ಆ ಕೆರೆಗೆ ಎಷ್ಟು ಕಾರು ಬಿದ್ದಿದ್ದವೆಂದರೆ, ಇನ್ನು ನೀರಿಗೇ ಜಾಗ ಸಾಲುವಂತಿರಲಿಲ್ಲ.

“ಬಲಕ್ಕ ತಿರುಗಿಸು,” ಅಂದ ಪಕ್ಕದ ಮನೆಯ ಬಾಲರಾಜ.

“ತಿರುಗಿಸೀನಿ.”

“ಮತ್ತ ಯಾಕ ಎಡಕ್ಕ ಹೋಗಾಕತ್ತದ? ಕಾರೂ ಸಮ್ಮೆ ಮಾಡ್ಯಾದೇನು?”

ಊರಿಗೆ ಊರೇ ಸಮ್ಮೆ, ಅಂದರೆ ಮುಷ್ಕರ, ಹೂಡಿದ್ದ ದಿನಗಳವು. ನಾರಾಯಣಖೇಡದಲ್ಲಿ, ಅಷ್ಟೇಕೆ, ಜಹೀರಾಬಾದಿನಿಂದ ತಾಂಡೂರಿನ ತನಕ, ಕಾರ್ ಗೇಮಿನಲ್ಲಿ ಕ್ರಾಂತಿಯನ್ನು ಸೋಲಿಸುವವರು ಹುಟ್ಟಿರಲಿಲ್ಲ. ಇದನ್ನು ಅವನೇ ಎಲ್ಲರಿಗೂ ಹೇಳಿದ್ದ, ಆದ್ದರಿಂದ ನಿಜವೇ ಇರಬೇಕು. ಅವನು ಕಾರು ಬಿಟ್ಟರೆ ಆ ಗಾಳಿಗೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದೆ ಹೋಗುತ್ತಿತ್ತು. ಅಂಥವನ ಕಾರು ಮೊನ್ನೆಯಿಂದ ಎಡಕ್ಕೆ ಬಿಟ್ಟರೆ ಬೇರೆಲ್ಲಿಗೂ ಹೋಗಲು ಒಪ್ಪುತ್ತಿರಲಿಲ್ಲ.

ಅಷ್ಟರಲ್ಲಿ ಎರಡನೇ ಕ್ಲಾಸಿನ ತಂಗಿ ಧಮ್ಮಶೀಲಾ ಬಂದು ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿ ಬೆಲ್ಲದ ತುಂಡಿತ್ತು.

ಕ್ರಾಂತಿಗೆ ಎಲ್ಲ ತಿಳಿದುಹೋಯಿತು. ಮೊನ್ನೆ ಜಹೀರಾಬಾದಿನಿಂದ ಆತ್ಮಾರಾಮ ಮಾಮಾ ಹೊಸ ಕೀಬೋರ್ಡ್ ಕಳಿಸಿದ್ದ. ಸಮ್ಮೆಗೆ ನಿಲ್ಲುವ ಮುಂಚಿನ ಕಡೆಯ ಬಸ್ಸಿನಲ್ಲಿ ಅದು ಬಂದಿತ್ತು. ಹಾಡು ಹಾಕಲು ಒಂದು ಬಟನ್ನು, ಸೌಂಡ್ ಏರಿಸಲು ಒಂದು, ಇಳಿಸಲು ಇನ್ನೊಂದು. ಮತ್ತೊಂದು ಬಟನ್ ಇದ್ದಿದ್ದರೆ ಚಹಾ ಕೂಡ ಮಾಡುತ್ತಿತ್ತು. ಅದನ್ನು ಜೋಡಿಸಿದ ದಿನವೇ ಧಮ್ಮಶೀಲಾ ಕಂಪ್ಯೂಟರಿನಲ್ಲಿ ಒಂದು ಆನೆ ಬರೆದು, ಅದರ ಕೆಳಗೆ ತನ್ನ ಹೆಸರು ಟೈಪ್ ಮಾಡಿದ್ದಳು.

“ನೀನೇ ಖರಾಬ್ ಮಾಡಿದ್ದು,” ಅಂದ ಕ್ರಾಂತಿ. “ಬೆಲ್ಲದ ಕೈಲೆ ಮುಟ್ಟಿದಿ. ಎಡಗಡೆ ಬಟನ್ ಅಂಟಿ ಕೂತದ.”

“ನಾ ಕೈ ತೊಳ್ಕೊಂಡಿದ್ದೆ, ಅಣ್ಣಾ.”

ಬಟನ್ ಅಂಟಿದೆಯೋ ಇಲ್ಲವೋ ಎಂದು ಒತ್ತಿ ನೋಡಬಹುದಿತ್ತು. ಯಾರೂ ಒತ್ತಿ ನೋಡಲಿಲ್ಲ. ಕ್ರಾಂತಿ ಅಷ್ಟು ಗಟ್ಟಿಯಾಗಿ ಹೇಳಿದ್ದ.

ಆ ವರ್ಷ ತೆಲಂಗಾಣ ಬೇರೆ ರಾಜ್ಯವಾಗಲೇಬೇಕೆಂದು ಎಲ್ಲರೂ ಸಮ್ಮೆ ಹೂಡಿದ್ದರು. ಬಸ್ಸಿಲ್ಲ, ಸ್ಕೂಲಿಲ್ಲ, ಅಪ್ಪನಿಗೆ ಆಫೀಸಿಲ್ಲ. ಹೋರಾಟಕ್ಕೆಂದು ಒಂದೊಂದು ಗುಂಪಿನವರೂ ಒಂದೊಂದು ಜೆಎಸಿ, ಅಂದರೆ ಜಂಟಿ ಕ್ರಿಯಾ ಸಮಿತಿ, ಕಟ್ಟಿಕೊಂಡಿದ್ದರು. ವಕೀಲರದೊಂದು ಜೆಎಸಿ, ಮಾಸ್ತರರದೊಂದು, ಆಟೋದವರದೊಂದು. ಊರಿನಲ್ಲಿ ಜೆಎಸಿ ಇಲ್ಲದೆ ಉಳಿದದ್ದು ಎಮ್ಮೆಗಳು ಮಾತ್ರ. ಅವೂ ದಿನಾ ಸಂಜೆ ರಸ್ತೆ ನಡುವೆ ನಿಂತು ಏನನ್ನೋ ಚರ್ಚಿಸುತ್ತಿದ್ದವು.

ಹೀಗಿರುವಾಗ ಓಣಿಯ ಮಕ್ಕಳು ಸುಮ್ಮನಿರುತ್ತಾರೆಯೇ? ಅವರದೂ ಒಂದು ಜೆಎಸಿ ಇತ್ತು. ಕ್ರಾಂತಿ ಅಧ್ಯಕ್ಷ, ಬಾಲರಾಜ ಉಪಾಧ್ಯಕ್ಷ, ಓಣಿಯಲ್ಲಿ ಓಡಾಡುವ ಬಾಕಿ ಎಲ್ಲರೂ ಸದಸ್ಯರು. ಅಂದೇ ಮನೆ ಮುಂದಿನ ಕಟ್ಟೆಯ ಮೇಲೆ ಮೀಟಿಂಗ್ ನಡೆಯಿತು. ತೆಲಂಗಾಣ ಬರುವ ತನಕ ಧಮ್ಮಶೀಲಾ ಕಂಪ್ಯೂಟರ್ ಮುಟ್ಟಬಾರದೆಂದು ಅಧ್ಯಕ್ಷರು ಹೇಳಿದರು. ಒಪ್ಪಿಗೆ ಇದ್ದವರೆಲ್ಲ ಕೈ ಎತ್ತಿದರು. ಏನೋ ಹೇಳಬೇಕೆಂದು ಧಮ್ಮಶೀಲಾ ಕೂಡ ಕೈ ಎತ್ತಿದಳು. ಅದನ್ನೂ ಒಪ್ಪಿಗೆಗೇ ಸೇರಿಸಿಕೊಂಡರು.

ರಾತ್ರಿ ಅಪ್ಪ ಶರಣಕುಮಾರ ಸಮ್ಮೆಯ ಟೆಂಟಿನಿಂದ ಬಂದಾಗ ಅವಳು ದೂರು ಕೊಟ್ಟಳು. ಘೋಷಣೆ ಕೂಗಿ ಕೂಗಿ ಅಪ್ಪನ ಗಂಟಲು ಎಷ್ಟು ಒಡೆದಿತ್ತೆಂದರೆ, ಅವನು ಮಾತಾಡಿದರೆ ಯಾರೋ ತಗಡು ಎಳೆದ ಹಾಗೆ ಕೇಳುತ್ತಿತ್ತು. ಜೆಎಸಿ ತೀರ್ಮಾನ ಮಾಡಿದ ಮೇಲೆ ತಾನೇನು ಮಾಡಲು ಆಗುತ್ತದೆ ಎಂದು ಅವನು ಮಲಗಿಬಿಟ್ಟ.

ಹಾಗಾದರೆ ತೆಲಂಗಾಣ ಬರುವುದು ಯಾವಾಗ? ಧಮ್ಮಶೀಲಾ ಕಂಡವರನ್ನೆಲ್ಲ ಕೇಳಿದಳು. ಇವತ್ತು ಅಂದವರಿದ್ದರು, ನಾಳೆ ಅಂದವರೂ ಇದ್ದರು. ಕಡೆಗೆ ಮನೆಯ ಅಜ್ಜಿ ಈಶಮ್ಮ ಆಯಿಯನ್ನು ಕೇಳಿದಳು. ಆಯಿ ಅಕ್ಕಿ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

“ನಿಮ್ಮ ಮುತ್ಯಾನ ಮೀಸಿ ಕರ್ರಗ ಇದ್ದಾಗಿಂದ ಬರಾಕತ್ತದ, ಅವ್ವಾ,” ಅಂದಳು. “ಇನ್ನಾ ಹಾದಿ ಮ್ಯಾಲೇ ಅದ.”

ಮರುದಿನ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಆಯಿಯ ಹಳೆಯ ಸೀರೆಯ ಟೆಂಟೊಂದು ಎದ್ದಿತ್ತು. ಧಮ್ಮಶೀಲಾ ಒಳಗೆ ರಿಲೇ ಉಪವಾಸಕ್ಕೆ ಕೂತಿದ್ದಳು. ದೊಡ್ಡವರ ಟೆಂಟಿನಲ್ಲೂ ಹೀಗೇ, ಒಬ್ಬರ ನಂತರ ಒಬ್ಬರು ಪಾಳಿಯ ಮೇಲೆ ಉಪವಾಸ ಕೂಡುತ್ತಿದ್ದರು. ಇಲ್ಲಿ ಒಂದು ಪಾಳಿ ಅವಳದು, ಇನ್ನೊಂದು ಅವಳ ಗೊಂಬೆಯದು. ಬೆಳಿಗ್ಗೆ ರೊಟ್ಟಿ ತಿಂದವಳು ಮಧ್ಯಾಹ್ನದ ಊಟದ ತನಕ ಒಂದು ಅಗುಳೂ ಮುಟ್ಟುತ್ತಿರಲಿಲ್ಲ. ಊಟವಾದ ಮೇಲೆ ರಾತ್ರಿಯ ಊಟದ ತನಕ ಮತ್ತೆ ಕಠಿಣ ಉಪವಾಸ. ನಡುವೆ ಆಯಿ ಸೀರೆಯ ಕೆಳಗಿನಿಂದ ಶೇಂಗಾ ತೂರಿಸುತ್ತಿದ್ದಳು. ಆದರೆ ಅದು ಗೊಂಬೆಗೆ.

ಕ್ರಾಂತಿ ಆ ಟೆಂಟನ್ನು ದಾಟಿ ಒಳಗೆ ಹೋಗುತ್ತಿದ್ದ, ಕಾರು ಎಡಕ್ಕೆ ಹೋಗುತ್ತಿತ್ತು. ಹೋದಾಗಲೆಲ್ಲ ಅವನು ತಂಗಿಯನ್ನು ಬೈಯುತ್ತಿದ್ದ. ಅವಳು ಮುಟ್ಟಿದ ವಸ್ತು ಉಳಿದದ್ದೇ ಇಲ್ಲ ಎನ್ನುತ್ತಿದ್ದ. ಬಾಲರಾಜ ಹೌದೌದು ಎನ್ನುತ್ತಿದ್ದ.

ಒಂದು ದಿನ ಕ್ರಾಂತಿ ಒದ್ದೆ ಬಟ್ಟೆ ತಂದು ಎಡಗಡೆಯ ಬಟನ್ನನ್ನು ಉಜ್ಜಲು ಕೂತ. ಒತ್ತಿದ. ಅದು ಟಕ್ಕೆಂದು ಮೇಲೆದ್ದಿತು. ಇನ್ನೊಮ್ಮೆ ಒತ್ತಿದ. ಮತ್ತೆ ಟಕ್ಕೆಂದು ಎದ್ದಿತು. ಅಷ್ಟು ಚುರುಕಾದ ಬಟನ್ನು ಹೈದರಾಬಾದಿನಲ್ಲೂ ಸಿಗುತ್ತಿರಲಿಲ್ಲ.

ಬಾಲರಾಜ ಕಿಟಕಿಯ ಹೊರಗೆ ನೋಡುತ್ತಿದ್ದ. ಕ್ರಾಂತಿ ಅವನಿಗೆ ಏನೂ ಹೇಳಲಿಲ್ಲ. ಅಪ್ಪನ ಫೋನ್ ತೆಗೆದುಕೊಂಡು ಆತ್ಮಾರಾಮ ಮಾಮಾನಿಗೆ ಹಚ್ಚಿದ.

ಮಾಮಾನ ಕಂಪ್ಯೂಟರ್ ಅಂಗಡಿಯ ಶಟರ್ ಬಂದ್‌ಗಾಗಿ ಇಳಿದಿತ್ತು. ಆದ್ದರಿಂದ ಅವನಿಗೆ ಬೇಕಾದಷ್ಟು ಪುರುಸೊತ್ತಿತ್ತು. ಗೇಮ್ ಶುರು ಮಾಡಿ ಕೈ ಬಿಡು, ಕಾರನ್ನು ನೋಡು ಅಂದ. ಕಾರು ಶುರುವಿನ ಗೆರೆಯ ಹತ್ತಿರ ನಿಂತಿತ್ತು. ಯಾರೂ ಏನೂ ಮುಟ್ಟಿರಲಿಲ್ಲ. ಆದರೂ ಅದರ ಗಾಲಿಗಳು ಎಡಕ್ಕೆ ತಿರುಗಿಕೊಂಡಿದ್ದವು. ಮೌಸಿನ ವೈರು ಕಿತ್ತು ನೋಡು ಅಂದ. ಗಾಲಿಗಳು ಹಾಗೇ ಇದ್ದವು. ಕೀಬೋರ್ಡಿನ ವೈರು ಕೀಳು ಅಂದ. ಕ್ರಾಂತಿ ಕಿತ್ತ.

ಗಾಲಿಗಳು ನೆಟ್ಟಗಾದವು.

“ಕಂಪ್ಯೂಟರಿಗೆ ಕಣ್ಣಿಲ್ಲ, ಬೇಟಾ,” ಅಂದ ಮಾಮಾ. “ವೈರ್ ಹಚ್ಚಿದ ಕೂಡ್ಲೇ ನೀ ಯಾರು ಅಂತ ಕೇಳ್ತದ. ಈ ಕೀಬೋರ್ಡು, ನಾ ಕೀಬೋರ್ಡೂ ಹೌದು, ಗೇಮ್ ಆಡೋ ಜಾಯ್‌ಸ್ಟಿಕ್ಕೂ ಹೌದು ಅಂತ ಹೇಳ್ಯಾದ. ಅದು ನಂಬ್ಯಾದ. ಇಲ್ಲದ ಜಾಯ್‌ಸ್ಟಿಕ್ಕಿನ ಹಿಡಿಕಿ ಎಡಕ್ಕ ಬಾಗ್ಯಾದ ಅಂತ ತಿಳ್ಕೊಂಡದ.”

“ಖರೇನೋ ಸುಳ್ಳೋ ನೋಡಂಗಿಲ್ಲೇನು?”

“ಅಷ್ಟು ಗಟ್ಟಿಯಾಗಿ ಹೇಳಿದ್ರ ಯಾರು ನೋಡ್ತಾರ?”

ಕ್ರಾಂತಿ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ.

ಆಮೇಲೆ ಮಾಮಾ ಕೀಬೋರ್ಡನ್ನು ಮತ್ತೆ ಜೋಡಿಸಲು ಹೇಳಿ, ಒಂದು ಸಾಲು ಬರೆಸಿದ. ಈ ಕೀಬೋರ್ಡು ಜಾಯ್‌ಸ್ಟಿಕ್ ಅಲ್ಲ ಎಂದು ಕಂಪ್ಯೂಟರಿಗೆ ಅದರದೇ ಭಾಷೆಯಲ್ಲಿ ತಿಳಿಸುವ ಸಾಲು. ಬಿಡಿಸಿ ಹಾಸಿದರೆ ಬೀದರಿನ ತನಕ ಹೋಗುವಷ್ಟು ಉದ್ದವಿತ್ತು. ನಡುವೆ ಒಂದು ಚುಕ್ಕೆ ತಪ್ಪಿ ಮೊದಲಿಂದ ಬರೆಯಬೇಕಾಯಿತು. ಮುಗಿಯುವ ಹೊತ್ತಿಗೆ ಫೋನಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಕ್ರಾಂತಿ ವೈರನ್ನು ಇನ್ನೊಮ್ಮೆ ಕಿತ್ತು, ಮತ್ತೆ ಜೋಡಿಸಿದ.

ಗಾಲಿಗಳು ನೆಟ್ಟಗೇ ಇದ್ದವು. ಬಲಕ್ಕೆ ಒತ್ತಿದರೆ ಬಲಕ್ಕೆ, ಎಡಕ್ಕೆ ಒತ್ತಿದರೆ ಎಡಕ್ಕೆ.

“ಬಟ್ಟಿಲೆ ಉಜ್ಜಿದ್ದಕ್ಕ ಬರಾಬರ್ ಆತು ನೋಡು,” ಅಂದ ಬಾಲರಾಜ. “ಬೆಲ್ಲ ಹೋತು.”

ಮಾಮಾ ಹೇಳಿದ್ದು ಕೇಳಿಸಿದ್ದು ಕ್ರಾಂತಿಗೊಬ್ಬನಿಗೆ. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಕಾರನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿದ. ಆಮೇಲೆ ಎದ್ದು ಬಾಗಿಲಿಗೆ ಬಂದು, ಸೀರೆಯ ಮುಂದೆ ನಿಂತ.

“ಒಳಗ ಬಾ. ಕಂಪ್ಯೂಟರ್ ಮುಟ್ಟು.”

“ತೆಲಂಗಾಣ ಬಂತಾ?” ಅಂತ ಕೇಳಿತು ಸೀರೆ.

“ಇಲ್ಲ.”

“ಮತ್ತ ನಾ ಹೆಂಗ ಬರ್ಲಿ? ಜೆಎಸಿ ತೀರ್ಮಾನ ಅದ.”

ಕ್ರಾಂತಿ ಸುತ್ತ ನೋಡಿದ. ಬಾಲರಾಜ ಬಂದು ನಿಂತಿದ್ದ. ಆಯಿಯೂ ಮೊರ ಹಿಡಿದು ಇತ್ತ ನೋಡುತ್ತಿದ್ದಳು. ಕ್ರಾಂತಿ ಏನೋ ಅಂದ. ಹುಟ್ಟಿದಾಗಿನಿಂದ ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾರಾಯಣಖೇಡ ಕೇಳಿರಲಿಲ್ಲ. ಆಗಲೂ ಕೇಳಲಿಲ್ಲ.

“ಏನಂದಿ?” ಅಂದ ಬಾಲರಾಜ.

“ಧಮ್ಮಶೀಲಾ ಏನೂ ಮಾಡಿದ್ದಿಲ್ಲ. ಬಟನ್ ಅಂಟಿದ್ದಿಲ್ಲ. ನಾ ನೋಡದೇ ಹೇಳಿದ್ದೆ.”

ಟೆಂಟು ಒಮ್ಮೆ ಅಲ್ಲಾಡಿತು. ಆಮೇಲೆ ಸೀರೆಯ ಒಂದು ತುದಿ ಎದ್ದಿತು. ಧಮ್ಮಶೀಲಾ ಗೊಂಬೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಳು.

“ಈಗ ನಿಂದು ಪಾಳಿ,” ಅಂದಳು. “ಕೂಡು.”

ಅವಳು ಕೋಣೆಗೆ ಹೋದಳು. ಕ್ರಾಂತಿ ತಲೆ ಬಗ್ಗಿಸಿ ಸೀರೆಯ ಕೆಳಗೆ ಕೂತ. ಅಲ್ಲಿಂದ ಕೋಣೆ ಕಾಣುತ್ತಿರಲಿಲ್ಲ. ಆದರೆ ಎಲ್ಲವೂ ಕೇಳುತ್ತಿತ್ತು. ಕುರ್ಚಿ ಎಳೆದದ್ದು ಕೇಳಿತು, ಮೌಸ್ ಸರಿದದ್ದು ಕೇಳಿತು. ಬಾಲರಾಜ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ್ದೂ ಕೇಳಿತು. ಒಳಗೆ ಆಡಿದ ಒಂದು ಮಾತೂ ಇಲ್ಲಿ ಕೂತವರಿಗೆ ತಪ್ಪುವಂತಿರಲಿಲ್ಲ. ಅವನು ಬೈದದ್ದನ್ನೆಲ್ಲ ಧಮ್ಮಶೀಲಾ ಇಲ್ಲೇ ಕೂತು ಕೇಳಿದ್ದಳು.

ಕ್ರಾಂತಿ ಮೊಣಕಾಲಿನ ಮೇಲೆ ಗಲ್ಲ ಊರಿದ. ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು.