ಅರಗಿನ ಮೇಲಿನ ಹೆಬ್ಬೆರಳು

ಮೆಕ್ಯಾನಿಕ್ ವಹಾಬ್ ಲಾರಿಯ ಇಂಜಿನ್ನಿಗೆ ಕಿವಿಗೊಟ್ಟು ನಿಂತಿದ್ದ. ಜಹೀದಾ ಬಾಗಿಲ ಮರೆಯಿಂದ ಆ ಕಿವಿಯನ್ನೇ ನೋಡುತ್ತಿದ್ದಳು. ಕಿವಿಯ ತುದಿಯಲ್ಲಿ ಒಂದು ಚುಕ್ಕೆ ಗ್ರೀಸ್ ಇತ್ತು. ಮೂರು ದಿನದಿಂದಲೂ ಅಲ್ಲೇ ಇತ್ತು. ಒರೆಸಿಕೊಳ್ಳಿ ಅನ್ನುವಷ್ಟು ಸಲಿಗೆ ಇಬ್ಬರ ನಡುವೆ ಇನ್ನೂ ಬಂದಿರಲಿಲ್ಲ.

ಲಾರಿ ಅವಳ ಅಬ್ಬಾ ಇಮಾಮ್ ಸಾಬರದು. ಅರವತ್ತನಾಲ್ಕರ ಮಾಡೆಲ್, ಅಂದರೆ ಜಹೀದಾಗಿಂತ ಎರಡು ವರ್ಷ ದೊಡ್ಡದು. ಮಾಗಡಿ ಕಡೆಯಿಂದ ಆಲೆಮರದ ತುಂಡು ತಂದು ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ ಹಾಕುವುದು ಅದರ ಕಸುಬು. ಬೆಳಿಗ್ಗೆ ತಣ್ಣಗಿದ್ದಾಗ ಬಲು ಸಭ್ಯ. ಕಾಲು ಗಂಟೆ ಬಿಸಿಯಾಯಿತೋ, ಆಕ್ಸಿಲೇಟರ್ ಯಾರೂ ಮುಟ್ಟದಿದ್ದರೂ ತಾನೇ ಗುರ್ರೆಂದು ಏರುವುದು, ಇನ್ನೇನು ಸತ್ತೇ ಹೋಯಿತು ಅನ್ನುವಷ್ಟು ಇಳಿಯುವುದು, ಮತ್ತೆ ಏರುವುದು. ಆ ಏರಿಳಿತಕ್ಕೆ ಮಡ್ಗಾರ್ಡ್ ಮೇಲಿಟ್ಟ ಸ್ಪ್ಯಾನರುಗಳೆಲ್ಲ ಕುಣಿಯುತ್ತಿದ್ದವು.

"ಏನ್ಲಾ ವಹಾಬ, ಲಾರಿಗೆ ದಮ್ಮು ಹಿಡ್ದೈತೆ ಕಣ್ಲಾ," ಅಂದ ಸಾಮಿಲ್ಲಿನ ಅಂಕಯ್ಯ, ಬೀಡಿ ಹಚ್ಚುತ್ತ.

"ಪಂಪೇ ಇರಬೇಕು ಅಂಕಯ್ಯಣ್ಣ."

"ನೀನು ಪಂಪ್ ಬಿಚ್ಚಿ ಮೈಸೂರಿಗೆ ತಕ್ಕೊಂಡೋಗಿ ತಂದೆ. ಗವರ್ನರ್ ಬಿಚ್ದೆ, ನಾಝಲ್ ಬಿಚ್ದೆ. ಇನ್ನು ಬಿಚ್ಚಕ್ಕೆ ನಿನ್ ಅಂಗಿ ಒಂದೇಯ ಉಳ್ದಿರೋದು."

ಟೀ ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಜಹೀದಾ ತಲೆ ತಗ್ಗಿಸಿದಳು. ಆ ನಗು ತನಗೆ ಸೇರಬೇಕಾದ್ದು ಅಂತ ಅವಳೊಬ್ಬಳಿಗೇ ಗೊತ್ತಿತ್ತು.

ಎರಡು ತಿಂಗಳ ಹಿಂದೆ ಅಬ್ಬಾನ ಜೊತೆ ರಾಮನಗರಕ್ಕೆ ಬೊಂಬೆ ಕೊಡಲು ಹೊರಟಾಗ ಕೆಂಗಲ್ ಹತ್ತಿರ ಲಾರಿ ನಿಂತಿತ್ತು. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ಜಾಯಿಂಟಿನಲ್ಲಿ ಡೀಸೆಲ್ ತೊಟ್ಟಿಕ್ಕುತ್ತಿತ್ತು. ಅಬ್ಬಾ ಮೆಕ್ಯಾನಿಕ್ ಹುಡುಕಿಕೊಂಡು ಹೋದರು. ಜಹೀದಾಳ ಚೀಲದಲ್ಲಿ ಕೆಂಪು ಅರಗಿನ ಕಡ್ಡಿ ಇತ್ತು. ಲೇತ್ ಮೇಲೆ ತಿರುಗುವ ಬೊಂಬೆಗೆ ಒತ್ತಿ ಬಣ್ಣ ಹಿಡಿಸುವುದು ಅವಳ ದಿನದ ಕೆಲಸ. ಮರಕ್ಕೆ ಹಿಡಿಯುವ ಅರಗು ಕಬ್ಬಿಣಕ್ಕೆ ಹಿಡಿಯದೇ? ಡೀಸೆಲ್ಲಿನ ಪಕ್ಕದಲ್ಲೇ ಬೆಂಕಿಕಡ್ಡಿ ಗೀರಿ, ಅರಗು ಕರಗಿಸಿ, ಜಾಯಿಂಟಿನ ಸುತ್ತ ಮೆತ್ತಿ, ಹೆಬ್ಬೆರಳಲ್ಲಿ ಅದುಮಿದಳು. ಸೋರುವುದು ನಿಂತಿತು.

ಬರಿಗೈಲಿ ವಾಪಸು ಬಂದ ಅಬ್ಬಾಗೆ, "ತಾನಾಗೇ ನಿಂತೋಯ್ತು," ಅಂದುಬಿಟ್ಟಳು. ಬೈಸಿಕೊಳ್ಳುವ ಭಯ, ಅಷ್ಟೆ. ಆದರೆ ಇಮಾಮ್ ಸಾಬರು ಅದನ್ನು ದರ್ಗಾದ ಹರಕೆಯ ಫಲ ಅಂದರು. ಲಾರಿ ನಿಂತಿದ್ದು ಕೆಂಗಲ್ ಆಂಜನೇಯನ ಎದುರಿಗಲ್ಲವೇ ಅಂತ ಅಂಕಯ್ಯ ತಕರಾರು ತೆಗೆದ. ಎರಡು ತಿಂಗಳಿಂದ ಇಬ್ಬರೂ ದಿನಾ ಟೀ ಕುಡಿಯುತ್ತ ಈ ವಾದವನ್ನು ಸುಖವಾಗಿ ನಡೆಸಿಕೊಂಡು ಬಂದಿದ್ದರು. ಈ ಇಬ್ಬರು ಹಿರಿಯರ ನಡುವೆ ನಿಂತು ಅದು ಅರಗು ಅಂತ ಹೇಗೆ ಹೇಳುವುದು?

ತಣ್ಣಗಿದ್ದಾಗ ಸರಿ, ಬಿಸಿಯಾದರೆ ಕಿರಿಕಿರಿ ಅಂತ ವಹಾಬ್ ಹೇಳಿದ ಕ್ಷಣವೇ ಅವಳಿಗೆ ಹೊಳೆದಿತ್ತು. ಬಿಸಿಗೆ ಮೆತ್ತಗಾಗುವುದು ಅರಗಿನ ಗುಣ. ಮೊದಲ ದಿನ ಹೇಳಲು ನಾಚಿಕೆಯಾಯಿತು. ಎರಡನೇ ದಿನ, ನಿನ್ನೆ ಯಾಕೆ ಹೇಳಲಿಲ್ಲ ಅನ್ನುವ ನಾಚಿಕೆಯೂ ಸೇರಿತು. ಟೀ ಕೊಡುವಾಗ ವಹಾಬ್ ಅವಳ ಹೆಬ್ಬೆರಳನ್ನೇ ನೋಡಿದ. ಉಳಿ ತಾಗಿ ಅಡ್ಡ ಗೀಟು ಬಿದ್ದ, ಅರಗು ಮೆತ್ತಿದ ಬೆರಳು. ಅಸಹ್ಯವಾಯಿತೇನೋ ಅಂದುಕೊಂಡು ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡಿದ್ದಳು.

ಹೋದ ವಾರವಷ್ಟೇ ವಹಾಬನ ತಾಯಿ ಅಕ್ಬರಿ ಬೇಗಂ ಸಂಬಂಧ ಕೇಳಿಕೊಂಡು ಬಂದಿದ್ದರು. ಇವತ್ತು ನಾಷ್ಟಾ ಹೊತ್ತಿಗೆ ಅಬ್ಬಾ ಅಂದಿದ್ದರು: "ನಿಂತ ಲಾರಿಯ ಐಡ್ಲಿಂಗ್ ಹದಕ್ಕೆ ತರೋಕಾಗದವನು ಸಂಸಾರ ಏನು ಹದಕ್ಕೆ ತರ್ತಾನೆ? ಸಂಬಂಧ ಬೇಡ ಅಂತ ಹೇಳಿಕಳಿಸ್ತೀನಿ."

ಈಗ ಅವರು ಹೊರಗೆ ಬಂದರು. "ಸಾಕು ಬೇಟಾ. ಸಾಮಾನು ಎತ್ಕೊ. ಲಾರೀನ ರಾಮನಗರದ ಗ್ಯಾರೇಜಿಗೆ ಹೊಡ್ಕೊಂಡು ಹೋಗ್ತೀನಿ."

ವಹಾಬ್ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತತೊಡಗಿದ. ಕಿವಿ ಕೆಂಪಾಗಿ, ಗ್ರೀಸಿನ ಚುಕ್ಕೆ ಇನ್ನಷ್ಟು ಕಪ್ಪಾಗಿ ಕಂಡಿತು. ಅದನ್ನು ನೋಡಲಾರದೆ ಜಹೀದಾ ಅಂಗಳಕ್ಕಿಳಿದಳು.

"ಅಬ್ಬಾ, ಕೆಂಗಲ್ಲಲ್ಲಿ ಅದು ತಾನಾಗಿ ನಿಲ್ಲಲಿಲ್ಲ. ನಾನು ಅರಗು ಮೆತ್ತಿದ್ದೆ."

ಲಾರಿ ತನ್ನ ಪಾಡಿಗೆ ಗುರ್ರೆಂದು ಏರಿ ಇಳಿಯಿತು.

"ಅಂಗಾರೆ ಆಂಜನೇಯ?" ಅಂದ ಅಂಕಯ್ಯ.

"ಇಲ್ಲ ಚಾಚಾ."

"ನನ್ನ ಹರಕೆ?" ಇಮಾಮ್ ಸಾಬರ ದನಿ ಕ್ಷೀಣವಾಗಿತ್ತು.

"ಅರಗು, ಅಬ್ಬಾ. ಗಿಲಕಿಗೆ ಹಾಕೋ ಕೆಂಪು ಅರಗು."

ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ, ಒಂದೇ ಮನೆಯಲ್ಲಿ ಏನೋ ಕಳೆದುಕೊಂಡವರ ಹಾಗೆ, ಟೀ ಅಂಗಡಿಯ ಬೆಂಚಿಗೆ ಹೋಗಿ ಅಕ್ಕಪಕ್ಕ ಕೂತರು.

ಜಹೀದಾ ಬಾನೆಟ್ಟಿನ ಹತ್ತಿರ ಬಂದಳು. "ಅರಗಿನ ಸಂದಿಯಿಂದ ಪೈಪಿನೊಳಗೆ ಗಾಳಿ ಹೋಗ್ತಿದೆ. ಮೊದಲ ದಿನವೇ ಹೇಳಬೇಕಿತ್ತು. ನಿಮ್ಮ ಮರ್ಯಾದೆ ಹೋಗೋದನ್ನ ನೋಡ್ತಾ ನಿಂತೆ."

ಅವನು ಬಯ್ಯಲಿ ಅಂತ ಕಾದಳು. ಅವನು ಸ್ಪ್ಯಾನರಿಗೆ ಹೇಳುವವನಂತೆ ಹೇಳಿದ: "ನಾನು ನೋಡಿದ್ದೆ."

"ಏನನ್ನ?"

"ಅರಗನ್ನ. ಮೊದಲ ದಿನವೇ."

"ಮತ್ತೆ ಪಂಪ್ ಯಾಕೆ ಬಿಚ್ಚಿದಿರಿ?"

"ಅದರ ಮೇಲೆ ಹೆಬ್ಬೆರಳ ಗುರುತಿತ್ತು. ಮಧ್ಯೆ ಒಂದು ಅಡ್ಡ ಗೀಟು. ಟೀ ಲೋಟ ತಗೊಳ್ಳುವಾಗ ಯಾರದು ಅಂತ ಗೊತ್ತಾಯ್ತು." ಒರೆಸಿದ್ದ ಸ್ಪ್ಯಾನರನ್ನೇ ಅವನು ಮತ್ತೆ ಒರೆಸಿದ. "ಕೆರೆಯೋಕೆ ಕೈ ಬರಲಿಲ್ಲ. ಇದೊಂದು ಬಿಟ್ಟು ಬೇರೆ ಏನಾದ್ರೂ ಕೆಟ್ಟಿರಲಿ ಅಂತ ಎಲ್ಲಾ ಬಿಚ್ಚಿ ನೋಡಿದೆ. ಕೆಲಸ ಕಲಿಸಿದ ಉಸ್ತಾದರಿಗೆ ಗೊತ್ತಾದ್ರೆ ಸ್ಪ್ಯಾನರ್ ಕಿತ್ತುಕೊಳ್ತಾರೆ."

ಜೇಬಿನಿಂದ ಹೊಸ ತಾಮ್ರದ ವಾಷರ್ ತೆಗೆದ. ಮೊದಲ ದಿನವೇ ತಂದದ್ದು. ಮೂರು ದಿನ ಜೇಬಲ್ಲೇ ತಿರುಗಿ ಮಿರಮಿರ ಮಿಂಚುತ್ತಿತ್ತು.

"ನೀವೇ ತೆಗೀರಿ," ಅಂದು ಇಂಜಿನ್ ಆಫ್ ಮಾಡಿದ.

ಅವಳು ಉಗುರು ಹಾಕಿದಳು. ಬಿಸಿಗೆ ಮೆತ್ತಗಾಗಿದ್ದ ಅರಗು ಒಂದೇ ತುಂಡಾಗಿ ಎದ್ದು ಬಂತು. ಅವನು ಜಾಯಿಂಟ್ ಬಿಚ್ಚಿ, ವಾಷರ್ ಕೂರಿಸಿ, ಬಿಗಿದು, ಕೈಪಂಪ್ ಒತ್ತಿ ಒತ್ತಿ ಗಾಳಿ ತೆಗೆದ. ನೊರೆನೊರೆಯಾಗಿ ಬರುತ್ತಿದ್ದ ಡೀಸೆಲ್ ಗುಳ್ಳೆಯಿಲ್ಲದೆ ತಿಳಿಯಾಯಿತು. ಸ್ಟಾರ್ಟ್ ಮಾಡಿದ. ಬಿಸಿ ಇಂಜಿನ್ ಒಂದೇ ಲಯದಲ್ಲಿ ಗುನುಗತೊಡಗಿತು. ಕಾಲು ಗಂಟೆ ಕಾದರು, ಮಡ್ಗಾರ್ಡ್ ಮೇಲೆ ಮತ್ತೆ ಇಟ್ಟ ಸ್ಪ್ಯಾನರುಗಳು ಕುಣಿಯಲಿಲ್ಲ.

ಬೆಂಚಿನಿಂದ ಇಮಾಮ್ ಸಾಬರು ಕೂಗಿದರು: "ಅಕ್ಬರಿ ಬೇಗಂಗೆ ಹೇಳಿಕಳಿಸ್ತೀನಿ ಕಣಪ್ಪಾ. ಶುಕ್ರವಾರ ನಮಾಜ್ ಆದ್ಮೇಲೆ ಬರಲಿ, ಮಾತಾಡೋಣ. ಆದ್ರೆ ನಮ್ಮ ಮನೆಯವರು ಯಾರೂ ಇನ್ನು ಆ ಲಾರಿ ಮುಟ್ಟೋದು ಬೇಡ!"

ವಹಾಬ್ ಆ ಅರಗಿನ ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡಿದ್ದು ಜಹೀದಾಗೆ ಕಂಡಿತು.

"ಅಲ್ಲಿಟ್ಟರೆ ಮೈಬಿಸಿಗೆ ಮೆತ್ತಗಾಗುತ್ತೆ. ಗುರುತು ಅಳಿಸಿಹೋಗುತ್ತೆ," ಅಂದಳು, ನೆಲ ನೋಡುತ್ತ.

"ಆಗ ಇನ್ನೊಂದು ಒತ್ತಿಸಿಕೊಳ್ತೀನಿ."

ಮೂರು ದಿನದಿಂದ ಹೇಳಬೇಕೆಂದಿದ್ದ ಇನ್ನೊಂದು ಮಾತು ಮಾತ್ರ ಬಾಯಿಗೆ ಬಂತು.

"ಕಿವಿ ಮೇಲೆ ಗ್ರೀಸ್ ಇದೆ."

ಅವನು ಗಡಿಬಿಡಿಯಲ್ಲಿ ಇನ್ನೊಂದು ಕಿವಿ ಒರೆಸಿಕೊಂಡ.